ಗಿಡ ಬೆಳೆಸಿದ ಕೈಗೆ ಗೊತ್ತಿರುವುದು

ಪ್ರೀತಿಯ ಅಕ್ಕನಿಗೆ,

ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ಅಪ್ಪ, ಅಮ್ಮ, ಭಾವ, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ.

ಹೋದ ಸಲ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಅವಸರದಲ್ಲಿ ಏನೋ ಒಂದು ಹೇಳಿ ಮುಗಿಸಲು ಮನಸ್ಸಾಗಲಿಲ್ಲ, ಅದಕ್ಕೇ ಈ ಕಾಗದ. ನಾನು ಕಳಿಸಿದ ಚಿತ್ರಗಳ ಫೋಟೊ ನೋಡಿ, "ಏನು ಮಾಡಬೇಕು ಅಂತ ಮೊದಲೇ ಗೊತ್ತಿಲ್ಲದೆ ಕೂತರೆ, ಮುಂದೇನು ಅನ್ನುವುದು ಕೈಗೆ ಹೇಗೆ ತಿಳಿಯುತ್ತೆ?" ಅಂದೆಯಲ್ಲ. ನಿನ್ನ ತಾರಸಿಯ ಕುಂಡಗಳಿಂದಲೂ ಹೀಗೆ ಮಾಡಬಹುದಾ ಅಂತಲೂ ಕೇಳಿದೆ. ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಎರಡನೆಯದಕ್ಕೂ ಸಿಕ್ಕಂತೆ.

ಯೋಜನೆ ಹಾಕಿಕೊಳ್ಳದೆ, ಒಂದು ಗುರುತು ಮುಂದಿನ ಗುರುತನ್ನು ಕರೆಯುವ ಹಾಗೆ ಮಾಡುತ್ತ ಹೋಗುವುದಕ್ಕೆ ಇಂಟ್ಯೂಟಿವ್ ಆರ್ಟ್ ಅನ್ನುತ್ತಾರೆ. ಮಿಕ್ಸೆಡ್ ಮೀಡಿಯಾ ಅಂದರೆ ಒಂದೇ ಹಾಳೆಯ ಮೇಲೆ ಬಣ್ಣ, ಶಾಯಿ, ಹರಿದ ಕಾಗದ, ದಾರ, ಒಣಗಿದ ಎಲೆ ಎಲ್ಲ ಸೇರುವುದು. ಎರಡೂ ಸೇರಿದರೆ ಮನಸ್ಸಿಗೆ ಬಂದದ್ದನ್ನು ಮಾಡುವುದು ಅಂತ ಕೇಳಿದವರು ತಿಳಿಯುತ್ತಾರೆ. ಆದರೆ ಖಾಲಿ ಹಾಳೆಯ ಮುಂದೆ ಸುಮ್ಮನೆ ಕೂತರೆ ಕೈಗೆ ಬರುವುದು ಹಳೇ ಅಭ್ಯಾಸವೇ ಅಕ್ಕ. ಅದೇ ಸುರುಳಿ, ಅದೇ ಐದು ದಳದ ಹೂವು, ಅದೇ ನೀಲಿ. ಒಳಗಿನಿಂದ ಬಂತು ಅಂತ ನಾವು ಹೇಳುವುದು ಎಲ್ಲಿಂದಲೋ ಇಳಿದು ಬರುವುದಿಲ್ಲ. ದಿನಾ ನೋಡಿ, ಮುಟ್ಟಿ, ನೀರು ಹಾಕಿ, ಒಣಗಿದ್ದನ್ನು ಚಿವುಟಿ, ಕೈಗೆ ಒಗ್ಗಿಹೋದ ಪರಿಚಯವೇ ಕೂತಾಗ ಕೆಲಸ ಮಾಡುತ್ತೆ. ಇದನ್ನು ನಾನು ಪೂರ್ತಿ ನಂಬಿದ್ದೇನೆ. ಅಂಗಡಿಯಲ್ಲಿ ಒತ್ತಿ ಒಣಗಿಸಿದ ಹೂವಿನ ಪ್ಯಾಕೆಟ್ ಸಿಗುತ್ತವೆ, ನೋಡಲು ಚೆಂದವೇ. ಅವುಗಳಿಂದ ಕೆಲಸ ಮಾಡುವಾಗ ನನ್ನ ಕೈ ಅಲಂಕಾರಕ್ಕೆ ಇಳಿದುಬಿಡುತ್ತೆ. ನಾನೇ ಬಿತ್ತಿದ ಕಾಸ್ಮಾಸ್ ಗಿಡದ ಎಲೆ ದಾರದಷ್ಟು ಸಣ್ಣ, ಒಣಗಿದರೆ ಎಲ್ಲಿ ಮುರಿಯುತ್ತೆ, ಹಸಿಯಾಗಿದ್ದರೆ ಎಷ್ಟು ಬಾಗುತ್ತೆ ಅನ್ನುವುದು ಬೆರಳಿಗೆ ಗೊತ್ತು. ಹಾಗಾಗಿ ಅದನ್ನು ಹಾಳೆಯ ಮೇಲೆ ಎಲ್ಲಿಡಬೇಕು ಅಂತ ಯೋಚಿಸುವ ಮೊದಲೇ ಬೆರಳು ಇಟ್ಟಿರುತ್ತೆ.

ಕೂತಾಗ ನಿಜವಾಗಿ ಏನು ನಡೆಯುತ್ತೆ ಅಂತ ಹೇಳುತ್ತೇನೆ. ನನಗೆ ಅತಿ ಹೆಚ್ಚು ಕೊಟ್ಟಿರುವುದು ಜೆಲಾಟಿನ್ ಪ್ಲೇಟಿನ ಅಚ್ಚು. ಜೆಲಾಟಿನ್ ಪುಡಿ, ಗ್ಲಿಸರಿನ್, ನೀರು ಸೇರಿಸಿ ಕರಗಿಸಿ ತಟ್ಟೆಗೆ ಸುರಿದರೆ ಅಂಗೈಗೆ ಮೆತ್ತಗೆ ತಾಗುವ ಹಲಗೆಯಾಗುತ್ತೆ. ಗ್ಲಿಸರಿನ್ ಇರುವುದರಿಂದ ಬೇಗ ಕೆಡುವುದಿಲ್ಲ, ಮತ್ತೆ ಕರಗಿಸಿ ಎರಕ ಹೊಯ್ಯಲೂಬಹುದು. (ಜೆಲಾಟಿನ್ ಪ್ರಾಣಿಗಳಿಂದ ತೆಗೆದದ್ದು. ಬೇಡ ಅನ್ನಿಸಿದರೆ ಸಿಂಥೆಟಿಕ್ ಪ್ಲೇಟುಗಳೂ ಇವೆ.) ಅದರ ಮೇಲೆ ರೋಲರಿನಿಂದ ಅಕ್ರಿಲಿಕ್ ಬಣ್ಣವನ್ನು ತೆಳ್ಳಗೆ ಹರಡಬೇಕು. ಎಷ್ಟು ತೆಳ್ಳಗೆ ಅಂದರೆ, ರೋಲರ್ ಉರುಳುವ ಸದ್ದು ಪಿಚಪಿಚ ಅನ್ನುವುದು ನಿಂತು ಸರಸರ ಅನ್ನಬೇಕು. ಈಗ ಎಲೆಯನ್ನು ನರ ಎದ್ದಿರುವ ಬೆನ್ನು ಬಣ್ಣಕ್ಕೆ ತಾಗುವ ಹಾಗೆ ಇಟ್ಟು, ಮೇಲೆ ಕಾಗದ ಹಾಕಿ ಅಂಗೈಯಿಂದ ಒತ್ತಿ ಎತ್ತು. ಕಾಗದದಲ್ಲಿ ಸುತ್ತ ಬಣ್ಣ, ನಡುವೆ ಎಲೆಯ ಆಕಾರದ ಖಾಲಿ ಜಾಗ. ಇದು ಚೆಂದ, ಆದರೆ ನಾನು ಕಾಯುವುದು ಇದಕ್ಕಲ್ಲ. ಎಲೆಯನ್ನು ಚಿಮಟದಿಂದ ನಿಧಾನ ಎತ್ತಿದರೆ ಪ್ಲೇಟಿನ ಮೇಲೆ ಅದರ ಅಡಿಯಲ್ಲಿ ಉಳಿದಿದ್ದ ಬಣ್ಣ ಕಾಣುತ್ತೆ. ತಡಮಾಡದೆ ಇನ್ನೊಂದು ಕಾಗದ ಒತ್ತಬೇಕು. ಈ ಎರಡನೇ ಅಚ್ಚಿನಲ್ಲಿ ನಡುನರ, ಅದರಿಂದ ಕವಲೊಡೆದ ಸಣ್ಣ ನರ, ಅವುಗಳ ನಡುವಿನ ಬಲೆ, ಹುಳು ತಿಂದ ತೂತು, ಅಂಚಿನ ಹಲ್ಲು ಎಲ್ಲವೂ ಬಂದಿರುತ್ತೆ. ಬಣ್ಣ ಮೆತ್ತಿದ ಆ ಎಲೆಯನ್ನೂ ಬಿಡುವುದಿಲ್ಲ, ಅದನ್ನೇ ಮೂರನೇ ಕಾಗದಕ್ಕೆ ಒತ್ತುತ್ತೇನೆ.

ಆ ತೂತಿನ ವಿಷಯ ಸ್ವಲ್ಪ ಹೇಳಬೇಕು. ಒಂದು ಗುಲಾಬಿ ಎಲೆಯ ಅಂಚನ್ನು ಎಲೆ ಕತ್ತರಿಸುವ ಜೇನು ಅರ್ಧಚಂದ್ರದ ಹಾಗೆ ಕತ್ತರಿಸಿಕೊಂಡು ಹೋಗಿತ್ತು. ಅದು ಆ ತುಂಡನ್ನು ತನ್ನ ಗೂಡಿನ ಒಳಗೋಡೆಗೆ ಬಳಸುತ್ತೆ, ಗಿಡಕ್ಕೆ ದೊಡ್ಡ ಹಾನಿಯೇನಿಲ್ಲ. ಆ ಎಲೆಯ ಅಚ್ಚು ತೆಗೆದಾಗ ಹಾಳೆಯ ಬಲಗಡೆ ಒಂದು ನುಣುಪಾದ ಕಚ್ಚು ಬಂತು. ಅದನ್ನು ನೋಡುತ್ತಿದ್ದ ಹಾಗೇ ನನ್ನ ಕೈ ತೆಳು ಕಾಗದವನ್ನು ಅದೇ ವಕ್ರದಲ್ಲಿ ಹರಿದು ಎಡಗಡೆ ಅಂಟಿಸಿತು. ಆಮೇಲೆ ಅದೇ ತಿರುವಿನಲ್ಲಿ ಇದ್ದಿಲಿನ ಗೆರೆ, ಅದರ ಒಳಗೆ ತಿಳಿ ಹಳದಿ ಬಣ್ಣ. ನಿನಗೆ ತುಂಬ ಇಷ್ಟವಾಯಿತು ಅಂದೆಯಲ್ಲ, ಆ ಹಳದಿ ಚಿತ್ರ ಅದೇ. ಮೊದಲ ನಿರ್ಧಾರ ಜೇನಿನದು, ಉಳಿದದ್ದು ಅದಕ್ಕೆ ನಾನು ಕೊಟ್ಟ ಉತ್ತರ. ನಾನು ಇಟ್ಟುಕೊಂಡಿರುವ ನಿಯಮ ಒಂದೇ: ಪ್ರತಿ ಹಾಳೆಯ ಮೊದಲ ಗುರುತು ನನ್ನದಾಗಿರಬಾರದು, ತೋಟದ್ದಾಗಿರಬೇಕು.

ಇದೇನೂ ಹೊಸದಲ್ಲ. 1925ರಲ್ಲಿ ಮ್ಯಾಕ್ಸ್ ಅರ್ನ್ಸ್ಟ್ ಎಂಬ ಕಲಾವಿದ ಫ್ರಾನ್ಸಿನ ಕಡಲ ತೀರದ ಒಂದು ವಸತಿಗೃಹದಲ್ಲಿ, ಸವೆದು ಗೆರೆ ಎದ್ದ ಮರದ ನೆಲದ ಮೇಲೆ ಕಾಗದ ಹಾಸಿ ಪೆನ್ಸಿಲಿನ ಸೀಸದಿಂದ ಉಜ್ಜಿದ. ಆ ಗೆರೆಗಳಲ್ಲಿ ಅವನಿಗೆ ಏನೇನೋ ರೂಪಗಳು ಕಾಣತೊಡಗಿದವು. ಆಮೇಲೆ ಎಲೆ, ಗೋಣಿಬಟ್ಟೆ, ದಾರ ಎಲ್ಲವನ್ನೂ ಉಜ್ಜಿ ನೋಡಿದ. ಫ್ರೊಟಾಜ್ ಅಂತ ಅದಕ್ಕೆ ಹೆಸರು. ಕೈಗೆ ತನ್ನ ಅಭ್ಯಾಸದಿಂದ ಬಿಡುಗಡೆ ಬೇಕಾದರೆ ಹೊರಗಿನ ಒಂದು ಮೇಲ್ಮೈ ಮಾತಾಡಬೇಕು ಅನ್ನುವುದು ಅವನಿಗೆ ಆ ನೆಲದಿಂದ ಹೊಳೆಯಿತು. ನನಗೆ ಎಲೆಯ ಬೆನ್ನಿನಿಂದ.

ಈ ವಯಸ್ಸಿನಲ್ಲಿ ಇದೆಲ್ಲ ಕಲಿಯುವುದುಂಟಾ ಅಂತ ಅಮ್ಮ ಕೇಳಿದರಂತೆ. ಅವರಿಗೆ ಮೇರಿ ಡೆಲಾನಿ ಎಂಬ ಇಂಗ್ಲೆಂಡಿನ ಹೆಂಗಸಿನ ವಿಷಯ ಹೇಳು. 1772ರಲ್ಲಿ, ತನ್ನ 72ನೇ ವಯಸ್ಸಿನಲ್ಲಿ, ಬಣ್ಣದ ಕಾಗದವನ್ನು ಸಣ್ಣಸಣ್ಣ ಚೂರಾಗಿ ಕತ್ತರಿಸಿ ಕಪ್ಪು ಹಿನ್ನೆಲೆಯ ಮೇಲೆ ಅಂಟಿಸಿ ಹೂಗಳನ್ನು ಮಾಡಲು ಆಕೆ ಶುರುಮಾಡಿದ್ದು. ಹತ್ತು ವರ್ಷದಲ್ಲಿ ಸಾವಿರದ ಹತ್ತಿರ ಹೂಗಳಾದವು. ಕಣ್ಣು ಮಂಜಾದ ಮೇಲೆಯೇ ನಿಲ್ಲಿಸಿದ್ದು. ಅವು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಕೆಲವದರಲ್ಲಿ ಕಾಗದದ ಎಲೆಗಳ ನಡುವೆ ಗಿಡದ ನಿಜವಾದ ಎಲೆಯನ್ನೇ ಅಂಟಿಸಿದ್ದಾಳೆ. ಎರಡೂವರೆ ಶತಮಾನದ ಹಿಂದೆ!

ಇನ್ನು ನಿನ್ನ ಕುಂಡಗಳು. ಕಾಗದವನ್ನು ಮನಸ್ಸಿನಲ್ಲಿಟ್ಟುಕೊಂಡು ಗಿಡ ಬೆಳೆಸಿದರೆ ಅದೇ ಬೇರೆ ಸಂತೋಷ. ದಪ್ಪ ರಸಭರಿತ ಹೂಗಳಿಗಿಂತ ತೆಳು ದಳದವು ಬೇಕು. ಜರೀಗಿಡ, ಕಾಸ್ಮಾಸ್, ಪ್ಯಾನ್ಸಿ ಒಳ್ಳೆಯವು. ಕೊತ್ತಂಬರಿ, ಸಬ್ಬಸಿಗೆ ಬಲಿತು ಹೂ ಬಿಟ್ಟರೆ ಕೀಳಬೇಡ, ಕೊಡೆಯ ಹಾಗೆ ಹರಡುವ ಆ ಹೂಗೊಂಚಲಿನಷ್ಟು ಸೊಗಸಾದ ಅಚ್ಚು ಬೇರೆ ಯಾವುದೂ ಕೊಡುವುದಿಲ್ಲ. ಕೊಯ್ಯುವುದು ಇಬ್ಬನಿ ಆರಿದ ಮೇಲೆ. ಎರಡು ಬ್ಲಾಟಿಂಗ್ ಪೇಪರಿನ ನಡುವೆ ಇಟ್ಟು, ಮೇಲೆ ಭಾರ ಹೇರಿ, ಮೊದಮೊದಲು ಪೇಪರ್ ಆಗಾಗ ಬದಲಾಯಿಸು. ಎರಡು ಮೂರು ವಾರ ಬೇಕು. ತೇವ ಒಳಗೆ ನಿಂತರೆ ಕಂದು ಬಣ್ಣಕ್ಕೆ ತಿರುಗುತ್ತೆ, ಬೂಸ್ಟು ಹಿಡಿಯುತ್ತೆ, ಅದಕ್ಕೆ ಅರೆಒಣಗಿದ್ದನ್ನು ಯಾವತ್ತೂ ಅಂಟಿಸಬೇಡ. ಅಂಟಿಸಲು ಅಕ್ರಿಲಿಕ್ ಮ್ಯಾಟ್ ಮೀಡಿಯಂ (ಹೊಳಪಿಲ್ಲದೆ ಒಣಗುವ, ಅಂಟಿನ ಹಾಗಿರುವ ದ್ರವ) ಸಾಕು, ಕೆಳಗೊಂದು ಪದರ, ಮೇಲೊಂದು ತೆಳು ಪದರ. ಕಾಗದ ಆಮ್ಲರಹಿತ ಅಂತ ಬರೆದಿರುವುದನ್ನೇ ಕೊಳ್ಳು, ಇಲ್ಲವಾದರೆ ಕೆಲವೇ ವರ್ಷದಲ್ಲಿ ಕಾಗದವೇ ಹಳದಿಗೆ ತಿರುಗುತ್ತೆ. ಎಲ್ಲ ಹೂ ಕೊಯ್ಯಬೇಡ, ಜೇನಿಗೂ ಬಿಡು, ಬೀಜಕ್ಕೂ ಬಿಡು.

ಬಣ್ಣದ ವಿಷಯಕ್ಕೆ ಬಂದರೆ ದಾಸವಾಳದಿಂದ ಶುರುಮಾಡು, ಮಕ್ಕಳನ್ನೂ ಕೂರಿಸಿಕೋ. ಕೆಂಪು ದಳಗಳನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಿದ ರಸವನ್ನು ಹಾಳೆಗೆ ಬಳಿದು, ಒದ್ದೆಯಿರುವಾಗಲೇ ಒಂದು ಕಡೆ ನಿಂಬೆರಸದ ಹನಿ, ಇನ್ನೊಂದು ಕಡೆ ಅಡುಗೆ ಸೋಡ ಕರಗಿಸಿದ ನೀರು ಬಿಡು. ನಿಂಬೆ ಬಿದ್ದಲ್ಲಿ ಗುಲಾಬಿ, ಸೋಡ ಬಿದ್ದಲ್ಲಿ ಹಸಿರು. ಶಾಲೆಯ ವಿಜ್ಞಾನದ ಪಾಠದಲ್ಲಿ ಆಮ್ಲ, ಕ್ಷಾರ ಗುರುತಿಸಲು ಮಾಡುವುದು ಇದೇ. ಆಂಥೊಸಯನಿನ್ ಎಂಬ ವರ್ಣಕದ ಕೆಲಸ. ಶಂಖಪುಷ್ಪದಲ್ಲೂ ಇರುವುದು ಅದೇ ಬಗೆಯದು. ಚೆಂಡುಹೂವು, ಈರುಳ್ಳಿ ಸಿಪ್ಪೆ ಕುದಿಸಿ ಸ್ವಲ್ಪ ಪಟಿಕ ಹಾಕಿದರೆ ಹಳದಿ, ಕಿತ್ತಳೆ ಚೆನ್ನಾಗಿ ಏಳುತ್ತವೆ. ತುಕ್ಕು ಮೊಳೆಗಳನ್ನು ವಿನೆಗರಿನಲ್ಲಿ ನೆನೆಸಿದ ನೀರಿನ ಒಂದೆರಡು ಹನಿ ಬಿದ್ದರೆ ಅದೇ ಹಳದಿ ಪಾಚಿಯ ಹಸಿರಿಗೆ ಇಳಿಯುತ್ತೆ. ದಾಳಿಂಬೆ ಸಿಪ್ಪೆಯಂಥ ಒಗರಿನ ಪದಾರ್ಥಕ್ಕೆ ಬಿದ್ದರಂತೂ ಕಪ್ಪಿಗೇ ಹೋಗುತ್ತೆ, ಒಗರು ಕೊಡುವ ಟ್ಯಾನಿನ್ ಮತ್ತು ಕಬ್ಬಿಣ ಸೇರಿದ್ದರಿಂದ. ಹಿಂದೆ ಬರೆಯುವ ಶಾಯಿ ಮಾಡುತ್ತಿದ್ದುದೂ ಹೀಗೆ. ಈ ಕೆಲಸಕ್ಕೆ ಬೇರೆ ಪಾತ್ರೆ ಇಟ್ಟುಕೋ, ಅದು ಮತ್ತೆ ಅಡುಗೆಗೆ ಬೇಡ. ಕಣಗಿಲೆ, ದತ್ತೂರಿ ವಿಷ, ಕುದಿಸುವುದಂತೂ ಬೇಡವೇ ಬೇಡ, ಮಕ್ಕಳ ಕೈಗೂ ಕೊಡಬೇಡ.

ಹೂವಿನ ಬಣ್ಣ ಮಾಸಿಹೋಗುವುದಿಲ್ಲವಾ ಅಂತ ನೀನು ಕೇಳುವುದು ನನಗೆ ಗೊತ್ತು. ಮಾಸುತ್ತೆ. ದಾಸವಾಳ, ಬೀಟ್‌ರೂಟ್, ಅರಿಶಿನ ಎಲ್ಲವೂ ಬೆಳಕಿಗೆ ಬೇಗ ಸೋಲುತ್ತವೆ. ನಾನು ಇದನ್ನು ಎರಡು ರೀತಿ ಒಪ್ಪಿಕೊಂಡಿದ್ದೇನೆ. ಉಳಿಯಬೇಕಾದ ಕಡೆ ಕಾರ್ಖಾನೆಯ ಗಟ್ಟಿ ಬಣ್ಣವನ್ನೇ ಬಳಸುತ್ತೇನೆ, ಗಿಡದ ರಸ ಅದರ ಪಕ್ಕದಲ್ಲಿ ತನ್ನ ಪಾಡಿಗೆ ಬದಲಾಗಲಿ. ಬಿಸಿಲಿಗೆ ಬಿಡದೆ, ಅಲ್ಟ್ರಾವಯಲೆಟ್ ತಡೆಯುವ ಗಾಜು ಹಾಕಿಸಿದರೆ ಇನ್ನಷ್ಟು ಕಾಲ ಬಾಳುತ್ತೆ. ಎರಡನೆಯದು, ಮಾಸುವುದನ್ನೇ ಕೆಲಸಕ್ಕೆ ಹಚ್ಚುವುದು. ಗಿಡದ ರಸ ಬಳಿದ ಕಾಗದದ ಮೇಲೆ ಎಲೆ ಇಟ್ಟು, ಗಾಜು ಮುಚ್ಚಿ ಬಿಸಿಲಿಗೆ ಬಿಟ್ಟರೆ, ಸುತ್ತಲಿನ ಬಣ್ಣ ಬಿಸಿಲಿಗೆ ಬೆಳ್ಳಗಾಗಿ ಎಲೆ ಇದ್ದಲ್ಲಿ ಮಾತ್ರ ಉಳಿಯುತ್ತೆ. ಆಂಥೊಟೈಪ್ ಅಂತ ಹೆಸರು. ಜಾನ್ ಹರ್ಷಲ್ ಎಂಬ ವಿಜ್ಞಾನಿ 1840ರ ದಶಕದಲ್ಲಿ ಹೂವಿನ ರಸಗಳಿಂದ ಇದನ್ನು ವಿವರವಾಗಿ ಪ್ರಯೋಗಿಸಿ ನೋಡಿದ. ದಿನಗಟ್ಟಲೆ, ಕೆಲವು ರಸಕ್ಕೆ ವಾರಗಟ್ಟಲೆ ಹಿಡಿಯುತ್ತೆ. ಆ ಚಿತ್ರವನ್ನು ಶಾಶ್ವತ ಮಾಡುವ ದಾರಿಯಿಲ್ಲ, ಬೆಳಕಿಗೆ ಇಟ್ಟಷ್ಟೂ ಬಿಸಿಲು ತನ್ನ ಕೆಲಸ ಮುಂದುವರಿಸುತ್ತೆ. ನಾನು ಅವುಗಳನ್ನು ಪುಸ್ತಕದೊಳಗೆ ಕತ್ತಲಲ್ಲಿಟ್ಟಿದ್ದೇನೆ. ತೆಗೆದು ನೋಡಿದಾಗಲೆಲ್ಲ ಇಷ್ಟಿಷ್ಟೇ ಖರ್ಚಾಗುತ್ತವೆ ಅನ್ನುವುದು ನನಗೆ ತುಂಬ ಪ್ರಿಯವಾದ ವಿಚಾರ. ಹೂವು ಕುಂಡದಲ್ಲೂ ಹಾಗೇ ಅಲ್ಲವಾ? ಗಾಢ ನೀಲಿಯಲ್ಲಿ ಉಳಿಯುವ ಅಚ್ಚು ಬೇಕಾದವರಿಗೆ ಅದೇ ಹರ್ಷಲ್ 1842ರಲ್ಲಿ ಕಂಡುಹಿಡಿದ ಸಯನೋಟೈಪ್ ಇದೆ. ಅದರ ಮುಂದಿನ ವರ್ಷದಿಂದಲೇ ಆನಾ ಆಟ್ಕಿನ್ಸ್ ಎಂಬಾಕೆ ಸಮುದ್ರದ ಪಾಚಿಗಳನ್ನು ಆ ವಿಧಾನದಲ್ಲಿ ದಾಖಲಿಸಲು ಹೊರಟಳು. ಅದರ ರಾಸಾಯನಿಕಗಳ ವಿಷಯ ಬೇರೆ ಕಾಗದದಲ್ಲಿ ಬರೆಯುತ್ತೇನೆ.

ಎಲ್ಲಿ ನಿಲ್ಲಿಸಬೇಕು ಅನ್ನುವುದೇ ಇದರಲ್ಲಿ ಕಷ್ಟದ ಭಾಗ. ಪದರದ ಮೇಲೆ ಪದರ ಹಾಕುತ್ತ ಹೋದರೆ ಎಲೆ ಮುಳುಗಿಹೋಗುತ್ತೆ. ಹಾಳೆಯನ್ನು ಗೋಡೆಗೆ ಆನಿಸಿ, ತೋಟಕ್ಕೆ ಹೋಗಿ ಒಂದಿಷ್ಟು ನೀರು ಹಾಕಿ ಬರುತ್ತೇನೆ. ವಾಪಸು ಬಂದು ನೋಡಿದಾಗ ಕಣ್ಣು ಮೊದಲು ನನ್ನ ಬಣ್ಣದ ಮೇಲೆ ಬಿದ್ದರೆ ಇನ್ನೂ ಕೆಲಸ ಇದೆ ಅಂತ. ಬಿಳಿ ಬಣ್ಣ ತೆಳುವಾಗಿ ಬಳಿದು ಸುತ್ತಲಿನ ಗದ್ದಲ ತಗ್ಗಿಸುತ್ತೇನೆ. ಎಲೆಯ ನರದ ಮೇಲೆ ಬಿದ್ದು ಅಲ್ಲಿಂದ ನನ್ನ ಗೆರೆಗೆ ಹರಿದರೆ ಕುಂಚ ತೊಳೆದಿಡುತ್ತೇನೆ.

ಅಕ್ಕ, ಒಂದು ಕೇಳಿಕೆ. ನಿನ್ನ ಕುಂಡದ ಎಲೆಗಳನ್ನು ಮಾತ್ರ ಲಕೋಟೆಯಲ್ಲಿ ಹಾಕಿ ಕಳಿಸಬೇಡ. ಕೀಟ, ರೋಗ ಹರಡುತ್ತವೆ ಅಂತ ಗಿಡದ ಭಾಗಗಳನ್ನು ದೇಶದಿಂದ ದೇಶಕ್ಕೆ ತರಿಸಲು ಕಟ್ಟುನಿಟ್ಟು ನಿಯಮಗಳಿವೆ. ಅದರ ಬದಲು ಎಲೆಯ ಬೆನ್ನಿನ ಮೇಲೆ ತೆಳು ಕಾಗದ ಇಟ್ಟು, ಪೆನ್ಸಿಲನ್ನು ಓರೆ ಹಿಡಿದು ಹಗುರವಾಗಿ ಉಜ್ಜಿ, ಆ ಹಾಳೆಗಳನ್ನು ಕಳಿಸು. ಮಕ್ಕಳೂ ಉಜ್ಜಲಿ, ಅಮ್ಮನ ಕೈಯಿಂದಲೂ ಒಂದೆರಡು ಇರಲಿ. ಯಾವುದು ಯಾರದು, ಯಾವ ಗಿಡದ್ದು ಅಂತ ಹಿಂದೆ ಬರೆದಿಡು. ನನ್ನ ಮುಂದಿನ ಚಿತ್ರಗಳ ಮೊದಲ ಗುರುತು ಅವೇ ಆಗಲಿ ಅಂತ ಆಸೆ, ಮಾಡಿದ್ದನ್ನು ನಿನಗೇ ಕಳಿಸುತ್ತೇನೆ. ಅಪ್ಪ ಅಮ್ಮನಿಗೆ, ಭಾವನಿಗೆ ನನ್ನ ನಮಸ್ಕಾರ ಹೇಳು, ಮಕ್ಕಳಿಗೆ ಮುದ್ದು.

ಇಂತಿ ನಿನ್ನ ಪ್ರೀತಿಯ
ತಂಗಿ