ಸೋಫಾ ಹರಿದ ನಾಯಿಯನ್ನು ವಾಪಸ್ ಬಿಟ್ಟು ಬರಬೇಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಒಬ್ಬರು ಬರೆದಿದ್ದರು. ಶೆಲ್ಟರಿನಿಂದ ನಾಯಿ ತಂದರಂತೆ, ಎರಡೇ ವಾರಕ್ಕೆ ಅದು ಸೋಫಾ ಹರಿದು ಬಾಗಿಲು ಕೆರೆದು ಹಾಳು ಮಾಡಿತಂತೆ, ವಾಪಸ್ ಬಿಟ್ಟು ಬಂದರಂತೆ. 'ಬೀದಿ ನಾಯಿಗೆ ಮನೆ ಒಗ್ಗಲ್ಲ' ಅನ್ನೋದು ಅವರ ತೀರ್ಮಾನ. ಅವರ ಮೇಲೆ ನನಗೆ ಸಿಟ್ಟಿಲ್ಲ. ಒಂಬತ್ತು ತಿಂಗಳ ಹಿಂದೆ ನಾನೂ ಕಾರಿನ ಹಿಂದಿನ ಸೀಟಿನಲ್ಲಿ ನಾಯಿ ಕೂರಿಸಿಕೊಂಡು ಶೆಲ್ಟರ್ ಗೇಟಿನ ತನಕ ಹೋಗಿ, ಇಳಿಯಲಾಗದೆ ತಿರುಗಿ ಬಂದವಳೇ. ಆದರೆ ಆ ತೀರ್ಮಾನ ತಪ್ಪು. ಯಾಕೆ ಅಂತ ಹೇಳೋಕೆ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ನೀವು ಕತ್ತರಿ ಹಾಕಿದರೂ ಬೇಜಾರಿಲ್ಲ.

ನಮ್ಮ ನಾಯಿ ಹೆಸರು ಕೆಂಚಿ. ಮನೆ ಕಟ್ಟುವ ಸೈಟಿನಲ್ಲಿ ಕಾವಲಿಗೆ ಅಂತ ಮರಿಯಲ್ಲೇ ತಂದು ಸರಪಳಿ ಹಾಕಿದ್ದರಂತೆ. ಕೆಲಸ ಮುಗಿಯಿತು, ಶೆಡ್ ಕಿತ್ತರು, ಎಲ್ಲರೂ ಮುಂದಿನ ಸೈಟಿಗೆ ಹೋದರು, ಇವಳು ಸರಪಳಿ ಸಮೇತ ಅಲ್ಲೇ ಉಳಿದಳು. ಎಷ್ಟು ದಿನ ಹಾಗೇ ಇದ್ದಳೋ. ನಮ್ಮನೆಗೆ ಬಂದಾಗ ಸುಮಾರು ಎರಡು ವರ್ಷ, ಕತ್ತಿನ ಸುತ್ತ ಕೂದಲೇ ಇಲ್ಲದ ಒಂದು ಪಟ್ಟಿ. ಮೊದಲ ವಾರ ಮಂಚದ ಕೆಳಗಿಂದ ಈಚೆ ಬರಲಿಲ್ಲ. ಎಂಟನೇ ದಿನ ನನ್ನ ಪಾದದ ಮೇಲೆ ತಲೆ ಇಟ್ಟು ಮಲಗಿದಳು. ಒಂಬತ್ತನೇ ದಿನ ನಾವು ಒಂದು ಮದುವೆ ಮುಹೂರ್ತಕ್ಕೆ ಹೋದೆವು.

ಮೂರು ಗಂಟೆ ಬಿಟ್ಟು ಬಂದರೆ ಮುಂಬಾಗಿಲ ಚೌಕಟ್ಟು ಮೊಣಕಾಲೆತ್ತರಕ್ಕೆ ಕಚ್ಚಿ ಹೋಗಿತ್ತು, ಕಿಟಕಿಯ ಸೊಳ್ಳೆ ಜಾಲರಿ ಕಿತ್ತು ನೇತಾಡುತ್ತಿತ್ತು, ಹಾಸಿಗೆಯ ಸ್ಪಂಜು ಹಾಲ್ ತುಂಬಾ, ಅದರ ಮೇಲೆ ಉಚ್ಚೆ, ಜೊಲ್ಲು, ಮತ್ತೆ ಅಲ್ಲಲ್ಲಿ ರಕ್ತ. ಉಗುರು ಕಿತ್ತು ಬಂದಿತ್ತು. ಕೆಳಗಿನ ಮನೆ ಓನರ್ ಆಂಟಿ ಮೆಟ್ಟಿಲ ಹತ್ತಿರವೇ ಕಾಯುತ್ತಿದ್ದರು. 'ನೋಡಮ್ಮ, ಬೆಳಿಗ್ಗೆಯಿಂದ ಊಳಿಟ್ಟಿದೆ, ಅಪಶಕುನ' ಅಂದರು. ನಮ್ಮ ಮನೆಯವರು ಕೆಂಚಿಯನ್ನು ಬೈದರು. ಅವಳು ಕಿವಿ ಹಿಂದಕ್ಕೆ ಮಡಚಿ, ಬಾಲ ಮುದುರಿ, ನೆಲಕ್ಕೆ ಅಂಟಿಕೊಂಡಳು. 'ನೋಡು, ತಪ್ಪು ಮಾಡಿದ್ದು ಅದಕ್ಕೂ ಗೊತ್ತು' ಅಂತ ನಾನೇ ಹೇಳಿದೆ.

ಗೊತ್ತಿರಲಿಲ್ಲ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನುವ ಅಮೆರಿಕದ ವಿಜ್ಞಾನಿ 2009ರಲ್ಲಿ ಇದರ ಮೇಲೇ ಒಂದು ಪ್ರಯೋಗ ಪ್ರಕಟಿಸಿದ್ದಾರೆ. ತಿಂಡಿ ಮುಟ್ಟಬೇಡ ಅಂತ ನಾಯಿಗೆ ಹೇಳಿ ಮಾಲೀಕರು ಹೊರಗೆ ಹೋಗಬೇಕು. ವಾಪಸ್ ಬಂದವರಿಗೆ ನಾಯಿ ತಿಂದಿದೆ ಅಂತಲೋ ತಿಂದಿಲ್ಲ ಅಂತಲೋ ಹೇಳುತ್ತಿದ್ದರು, ಕೆಲವು ಸಲ ಬೇಕಂತಲೇ ಸುಳ್ಳು. ಆ 'ತಪ್ಪಿತಸ್ಥ ಮುಖ' ಹೆಚ್ಚು ಕಂಡಿದ್ದು ಬೈಸಿಕೊಂಡ ನಾಯಿಗಳಲ್ಲಿ. ನಿಜವಾಗಿ ತಿಂದಿತ್ತೋ ಇಲ್ಲವೋ ಅನ್ನೋದಕ್ಕೂ ಆ ಮುಖಕ್ಕೂ ಸಂಬಂಧವೇ ಇರಲಿಲ್ಲ. ಅಂದರೆ ಕೆಂಚಿ ನೋಡಿ ಹೆದರಿದ್ದು ಚೌಕಟ್ಟನ್ನಲ್ಲ, ನಮ್ಮ ಮನೆಯವರ ಮುಖವನ್ನು.

ಆಮೇಲೆ ಸಲಹೆಗಳ ಮಳೆ. ಪೇಪರ್ ಸುರುಳಿ ಸುತ್ತಿ ಮೂತಿಗೆ ಹೊಡೀರಿ ಅಂದರು (ನಿಮ್ಮ ಪತ್ರಿಕೆಗೆ ಹೀಗೂ ಒಂದು ಬೇಡಿಕೆ ಇದೆ, ಗೊತ್ತಿರಲಿ). ಕಟ್ಟಿಹಾಕಿ ಅಂದರು. ಸರಪಳಿ ನೋಡಿದರೇ ಉಚ್ಚೆ ಹುಯ್ಯುವ ನಾಯಿಗೆ ಕಟ್ಟಿಹಾಕೋದು! ಎದುರು ಮನೆಯವರು 'ನಾಯಿ ಬಾಲ ಡೊಂಕು, ಸುಮ್ನೆ ಯಾಕೆ ಒದ್ದಾಡ್ತೀರಿ' ಅಂದರು. ಒಬ್ಬ ಟ್ರೈನರ್ ಬಂದು, ನಾಯಿಗಳು ತೋಳದ ಜಾತಿ, ನೀವು ಆಲ್ಫಾ, ಅಂದರೆ ಗುಂಪನ್ನು ಹೆದರಿಸಿ ಆಳುವ ಯಜಮಾನ, ಆಗಬೇಕು ಅಂತ ಕತ್ತು ಬಿಗಿಯುವ ಬೆಲ್ಟ್ ಹಾಕಿಸಿ ದುಡ್ಡು ಇಸ್ಕೊಂಡು ಹೋದರು. ತೋಳಗಳ ಆ ಆಲ್ಫಾ ಮಾತನ್ನು ತಮ್ಮ ಪುಸ್ತಕದ ಮೂಲಕ ಊರೆಲ್ಲ ಹರಡಿದ ಡೇವಿಡ್ ಮೆಕ್ ಅವರೇ 1999ರಲ್ಲಿ, ಅದು ಸರಿಯಲ್ಲ, ಕಾಡಿನ ತೋಳದ ಗುಂಪು ಅಂದರೆ ಅಪ್ಪ ಅಮ್ಮ ಮಕ್ಕಳ ಸಂಸಾರ ಅಷ್ಟೇ ಅಂತ ಬರೆದಿದ್ದಾರೆ. ನಮ್ಮ ಟ್ರೈನರ್‌ಗೆ ಆ ಸುದ್ದಿ ಇನ್ನೂ ತಲುಪಿಲ್ಲ. ಕೊನೆಗೆ ಕಬ್ಬಿಣದ ಬೋನು ತಂದೆವು. ಇಪ್ಪತ್ತು ನಿಮಿಷಕ್ಕೆ ಅದರ ಸರಳು ಕಚ್ಚಿ ಒಂದು ಹಲ್ಲು ಮುರಿದುಕೊಂಡಳು. ಶೆಲ್ಟರ್ ಗೇಟಿನ ತನಕ ಹೋಗಿದ್ದು ಅವತ್ತೇ.

ಹಲ್ಲು ತೋರಿಸೋಕೆ ಹೋದ ಪಶುವೈದ್ಯರು ಕೇಳಿದ ಮೊದಲ ಪ್ರಶ್ನೆ, 'ನೀವಿಲ್ಲದಾಗ ಏನು ಮಾಡ್ತಾಳೆ, ಕಣ್ಣಾರೆ ನೋಡಿದ್ದೀರಾ?' ನೋಡಿರಲಿಲ್ಲ. ಹಳೆ ಮೊಬೈಲನ್ನು ಷೋಕೇಸಿನಲ್ಲಿಟ್ಟು ವಿಡಿಯೊ ಹಾಕಿ ಹೋದೆವು. ಆ ವಿಡಿಯೊ ನಾನು ಪೂರ್ತಿ ನೋಡಲಾಗಲಿಲ್ಲ. ನಾವು ಬಾಗಿಲು ಹಾಕಿ ನಾಲ್ಕು ನಿಮಿಷ ಆಗಿಲ್ಲ, ಏದುಸಿರು, ಜೊಲ್ಲು, ಬಾಗಿಲಿಗೂ ಕಿಟಕಿಗೂ ಓಡಾಟ, ಆಮೇಲೆ ಚೌಕಟ್ಟು. ಅವಳ ಪ್ರಾಣವಾದ ಚಿಕನ್ ತಟ್ಟೆಯಲ್ಲೇ ಇತ್ತು, ಮೂಸಿಯೂ ನೋಡಿರಲಿಲ್ಲ. ಡಾಕ್ಟರ್ ಹೇಳಿದ್ದು ಅದನ್ನೇ. ಬೇಜಾರಾಗಿ ತುಂಟಾಟ ಮಾಡುವ ನಾಯಿ ಮೊದಲು ತಟ್ಟೆ ಖಾಲಿ ಮಾಡಿ, ಒಂದು ನಿದ್ದೆ ತೆಗೆದು, ಆಮೇಲೆ ಚಪ್ಪಲಿ ಕಡಿಯುತ್ತೆ. ಹೆದರಿದ ನಾಯಿ ಹೆಚ್ಚಾಗಿ ಮೊದಲ ಅರ್ಧ ಗಂಟೆಯಲ್ಲೇ ಶುರು ಮಾಡುತ್ತೆ, ಅದೂ ಜನ ಹೋದ ಬಾಗಿಲನ್ನೇ ಹಿಡಿಯುತ್ತೆ, ಅನ್ನ ಮುಟ್ಟಲ್ಲ. ಸೇಡು ಅಲ್ಲ, ಹಟ ಅಲ್ಲ. ಒಂಟಿಯಾದರೆ ಸತ್ತೇ ಹೋಗ್ತೀನಿ ಅನ್ನುವಂಥ ಭಯ.

ಹಾಗಾದರೆ ಏನು ಮಾಡೋದು? ನಾವು ಮೈಸೂರಿನವರು, ಇದು ನಮಗೆ ಗೊತ್ತಿರಬೇಕಿತ್ತು. ದಸರಾಗೆ ಬಂದ ಅಂಬಾರಿ ಆನೆಯ ಬೆನ್ನ ಮೇಲೆ ಮೊದಲ ದಿನವೇ 750 ಕೆ.ಜಿ. ಅಂಬಾರಿ ಇಡುತ್ತಾರಾ? ಮೊದಲು ಬರೀ ಮೈಯಲ್ಲಿ ನಡಿಗೆ, ಆಮೇಲೆ ಮರಳು ಮೂಟೆ, ಆಮೇಲೆ ಮರದ ಅಂಬಾರಿ. ಫಿರಂಗಿ ಸದ್ದಿಗೂ ಹಾಗೇ, ಜಂಬೂ ಸವಾರಿಗೆ ಎಷ್ಟೋ ದಿನ ಮುಂಚೆ ಕುಶಾಲತೋಪಿನ ತಾಲೀಮು, ಒಂದು ಸಲ ಅಲ್ಲ, ಮತ್ತೆ ಮತ್ತೆ. ಅಂಥಾ ಆನೆಗೇ ಇಷ್ಟು ಸಮಯ ಕೊಡುವ ಊರಿನಲ್ಲಿ ಹದಿನಾಲ್ಕು ಕೆ.ಜಿ. ಕೆಂಚಿಗೆ ನಾವು ಒಂಬತ್ತನೇ ದಿನವೇ ಮೂರು ಗಂಟೆಯ ಒಂಟಿತನ ಹೊರಿಸಿದ್ದೆವು.

ನಮ್ಮ ತಾಲೀಮು ಐದು ಸೆಕೆಂಡಿನಿಂದ ಶುರುವಾಯಿತು. ಅದಕ್ಕೂ ಮುಂಚೆ ಹೆಲ್ಮೆಟ್. ಹೆಲ್ಮೆಟ್ ಕೈಗೆ ತಗೊಂಡರೆ ನಡುಗುತ್ತಿದ್ದಳು. ಅದಕ್ಕೆ ದಿನಕ್ಕೆ ಹದಿನೈದಿಪ್ಪತ್ತು ಸಲ ಹೆಲ್ಮೆಟ್ ಹಾಕಿಕೊಂಡು ಈರುಳ್ಳಿ ಹೆಚ್ಚಿದೆ, ಟಿವಿ ನೋಡಿದೆ. ಬೀಗದ ಕೈ ಎತ್ತಿಕೊಂಡು ಸುಮ್ನೆ ಕೂತೆ. ನಮ್ಮತ್ತೆ ನಗುತ್ತಿದ್ದರು. ಆಮೇಲೆ ಬಾಗಿಲಾಚೆ ಐದು ಸೆಕೆಂಡು, ಹತ್ತು ಸೆಕೆಂಡು. ಅವಳು ಏದುಸಿರು ಬಿಡುವ ಮುಂಚೆಯೇ ಒಳಗೆ ಬರಬೇಕು, ಬಂದಾಗ ದೊಡ್ಡ ಮುದ್ದು ಗಿದ್ದು ಬೇಡ. ಒಂದು ನಿಮಿಷ ಮುಟ್ಟೋಕೆ ಎರಡು ವಾರ ಹಿಡಿಯಿತು.

ಎಲ್ಲಕ್ಕಿಂತ ಕಷ್ಟದ್ದು ಬೇರೆ ಇದೆ, ಅದನ್ನು ಯಾರೂ ಮೊದಲೇ ಹೇಳಲ್ಲ. ತಾಲೀಮು ನಡೆಯುವಷ್ಟು ದಿನ ಅವಳು ತಡೆದುಕೊಳ್ಳುವ ಸಮಯಕ್ಕಿಂತ ಒಂದು ನಿಮಿಷವೂ ಜಾಸ್ತಿ ಒಂಟಿ ಬಿಡಬಾರದು. ಒಂದು ದಿನ ಹಾಗೆ ಒಂಟಿ ಬಿಟ್ಟರೆ ಎರಡು ವಾರದ ಕೆಲಸ ನೀರಿಗೆ, ಒಮ್ಮೆ ನಮಗೂ ಹಾಗಾಯಿತು. ಮನೆಯವರು ಆಫೀಸಿನ ಶಿಫ್ಟ್ ಬದಲಾಯಿಸಿಕೊಂಡರು, ಅತ್ತೆ ಮಂಗಳವಾರದ ಭಜನೆ ನಮ್ಮನೆಗೇ ಕರೆಸಿಕೊಂಡರು, ಮತ್ತೆ ಅಪಶಕುನ ಅಂದಿದ್ದ ಓನರ್ ಆಂಟಿಗೆ ಆ ವಿಡಿಯೊ ತೋರಿಸಿದೆವು. ಅವರು ಕಣ್ಣೊರೆಸಿಕೊಂಡು, ಪಿಯುಸಿ ಓದುವ ಮೊಮ್ಮಗಳನ್ನು 'ಮೇಲೆ ಹೋಗಿ ಓದ್ಕೋ' ಅಂತ ಕಳಿಸಿದರು. ಚೌಕಟ್ಟಿನ ದುಡ್ಡು ಮಾತ್ರ ಪೂರ್ತಿ ವಸೂಲಿ ಮಾಡಿದರು, ಅದು ನ್ಯಾಯವೇ.

ಔಷಧಿಯೂ ಕೊಟ್ಟಿದ್ದೇವೆ. ಹೇಳೋಕೆ ನಾಚಿಕೆ ಇಲ್ಲ. ಫ್ಲುಯೊಕ್ಸೆಟಿನ್ ಅಂತ, ಮನುಷ್ಯರ ಖಿನ್ನತೆಗೆ ಕೊಡುವುದೇ. ಸರಿಯಾಗಿ ಕೆಲಸ ಮಾಡೋಕೆ ನಾಲ್ಕರಿಂದ ಆರು ವಾರ ಬೇಕು, ದಿಢೀರ್ ಅಂತ ನಿಲ್ಲಿಸುವಂತಿಲ್ಲ. ಮೆಡಿಕಲ್ ಷಾಪಿನಿಂದ ತಂದು ನೀವೇ ಅಂದಾಜಿನಲ್ಲಿ ಕೊಡಬೇಡಿ. ಪಶುವೈದ್ಯರು ಮೊದಲು ರಕ್ತ, ಮೂತ್ರ, ಉಣ್ಣಿ ಜ್ವರ ಎಲ್ಲ ನೋಡಿ, ತೂಕದ ಲೆಕ್ಕ ಹಾಕಿ ಬರೆದರು. ಮಂಪರು ಬರಿಸಿ ಮಲಗಿಸುವ ಮಾತ್ರೆ ಬೇರೆ, ಇದು ಬೇರೆ. ಅದರಲ್ಲಿ ಕೈಕಾಲು ಸೋಲುತ್ತೆ, ಭಯ ಒಳಗೆ ಹಾಗೇ ಇರುತ್ತೆ. ಇದರ ಜೊತೆ ಬೆಳಿಗ್ಗೆ ಖಾಲಿ ಸೈಟುಗಳ ಕಡೆ ಒಂದು ಸುತ್ತು, ಅವಳಿಗೆ ಬೇಕಾದಷ್ಟು ಹೊತ್ತು ಮೂಸೋಕೆ ಬಿಟ್ಟು. ಮೊಸರನ್ನ ತುಂಬಿ ಫ್ರೀಜರಿನಲ್ಲಿಟ್ಟ ಬುಗುರಿ ಆಕಾರದ ಟೊಳ್ಳು ರಬ್ಬರ್ ಆಟಿಕೆಯನ್ನು ಅರ್ಧ ಗಂಟೆ ನೆಕ್ಕುತ್ತಾಳೆ.

ಶೆಲ್ಟರ್ ನಡೆಸುವವರಿಗೂ ಒಂದು ಮಾತು. ಭಾನುವಾರದ ದತ್ತು ಶಿಬಿರದಲ್ಲಿ ಫೋಟೊ ತೆಗೆದು, ಲಸಿಕೆ ಕಾರ್ಡ್ ಕೊಟ್ಟು ಕಳಿಸುತ್ತೀರಿ. ಕೆಂಚಿಯ ಸರಪಳಿ ಕಥೆ ನಮಗೆ ಗೊತ್ತಾಗಿದ್ದು ಎರಡು ತಿಂಗಳಾದ ಮೇಲೆ, ಅಲ್ಲಿನ ಕೆಲಸದ ಹುಡುಗನಿಂದ. ಮೊದಲೇ ಹೇಳಿದ್ದರೆ ನಾವು ಆ ಮುಹೂರ್ತಕ್ಕೆ ಒಬ್ಬರೇ ಹೋಗುತ್ತಿದ್ದೆವು. ಹೆದರಿ ಯಾರೂ ತಗೊಳ್ಳಲ್ಲ ಅನ್ನೋದು ನಿಮ್ಮ ಚಿಂತೆ ಇರಬಹುದು. ಆದರೆ ಹೇಳದೆ ಕೊಟ್ಟ ನಾಯಿ ನಿಮ್ಮ ಗೇಟಿಗೇ ವಾಪಸ್ ಬರುತ್ತೆ, ಇಲ್ಲಾ ರಿಂಗ್ ರಸ್ತೆಗೆ ಹೋಗುತ್ತೆ. ರಸ್ತೆಗೆ ಬಿಟ್ಟರೆ ಕಾನೂನು ಏನು ಮಾಡುತ್ತೆ ಅಂದರೆ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಒಂದು ಮಸಾಲೆ ದೋಸೆಗೂ ಸಾಲಲ್ಲ. ಅದಕ್ಕೆ ಕಾನೂನು ನಂಬಿ ಕೂರಬೇಡಿ, ಕೊಟ್ಟ ಮೇಲೆ ಮೊದಲ ತಿಂಗಳು ವಾರಕ್ಕೊಂದು ಫೋನ್ ಮಾಡಿ ಸಾಕು.

ಕೆಂಚಿ ಈಗ ಎಲ್ಲಿಗೆ ಬಂದಿದ್ದಾಳೆ ಅಂದರೆ, 1 ಗಂಟೆ 40 ನಿಮಿಷ. ನಾವಿಬ್ಬರೂ ಕೆಳಗೆ ಓನರ್ ಮನೆ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ನೋಡುತ್ತಿದ್ದೆವು. ಬಾಗಿಲ ಹತ್ತಿರ ಒಮ್ಮೆ ಹೋದಳು, ಮೂಸಿದಳು, ವಾಪಸ್ ಬಂದು ಬುಗುರಿ ನೆಕ್ಕಿ ಮಲಗಿದಳು. ಅದರಾಚೆ ಹೋಗೋಕೆ ನಮಗೇ ಧೈರ್ಯ ಬರಲಿಲ್ಲ. ಬರುವ ತಿಂಗಳು ನಾದಿನಿ ಮದುವೆ. ಮುಹೂರ್ತಕ್ಕೆ ಮನೆಯವರು, ರಿಸೆಪ್ಷನ್‌ಗೆ ನಾನು ಅಂತ ಹಂಚಿಕೊಂಡಿದ್ದೇವೆ. ಬೀಗರು ಏನಂದುಕೊಳ್ಳುತ್ತಾರೋ ನೋಡಬೇಕು.

ಹೋದ ವಾರ ಪತ್ರ ಬರೆದವರೇ, ನಿಮ್ಮ ನಾಯಿಯನ್ನು ಬೇರೆ ಯಾರೂ ತಗೊಂಡು ಹೋಗಿಲ್ಲ ಅಂದರೆ ಒಮ್ಮೆ ಶೆಲ್ಟರಿಗೆ ಫೋನ್ ಮಾಡಿ. ಮನೆಯಲ್ಲಿ ಹಳೆ ಮೊಬೈಲ್ ಇದ್ದರೆ ಚಾರ್ಜಿಗೆ ಹಾಕಿಡಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
ಕುವೆಂಪುನಗರ, ಮೈಸೂರು