ಏಪ್ರಿಲ್ 1ರಿಂದ ದೊಡ್ಡ ಸರ್ವಿಸ್‌ಗೆ ಗಾಡಿಯನ್ನು ಹಿಂದಿನ ಸಂಜೆಯೇ ಬಿಡಬೇಕು

ನಮ್ಮ ಕಾರ್ ವರ್ಕ್‌ಶಾಪಿನ ಗ್ರಾಹಕರಿಗೆಲ್ಲ ನಮಸ್ಕಾರ.

ವಿಷಯ ಮೊದಲು ಹೇಳಿಬಿಡುತ್ತೇವೆ. ಏಪ್ರಿಲ್ 1ರಿಂದ ಟರ್ಬೊ ಪೆಟ್ರೋಲ್ ಮತ್ತು ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಗಾಡಿಗಳ ದೊಡ್ಡ ಸರ್ವಿಸ್ ವಾರಕ್ಕೆ ಎರಡೇ ಗಾಡಿಗೆ, ಅದೂ ಮುಂಚಿತವಾಗಿ ದಿನ ಗೊತ್ತು ಮಾಡಿಕೊಂಡವರಿಗೆ ಮಾತ್ರ. ಗಾಡಿಯನ್ನು ಹಿಂದಿನ ಸಂಜೆಯೇ ತಂದು ಬಿಡಬೇಕು. ಲೇಬರ್ 6,500 ರೂಪಾಯಿ ಇದ್ದದ್ದು 8,500 ಆಗುತ್ತದೆ. ಉಳಿದ ಗಾಡಿಗಳಿಗೆ, ಸಣ್ಣ ಸರ್ವಿಸ್‌ಗೆ ಹಳೆಯ ದರವೇ.

ಟಿನ್ ಶೆಡ್ಡಿನ ದಿನಗಳಿಂದ ಬರುತ್ತಿರುವವರಿಗೆ ಇದು ಬೇಜಾರಾಗುತ್ತದೆ ಅಂತ ಗೊತ್ತು. ಯಾವಾಗ ಬೇಕಾದರೂ ಗಾಡಿ ತಂದು ನಿಲ್ಲಿಸಿ, ಚಹಾ ಕುಡಿದು, ಸಂಜೆಗೆ ಒಯ್ಯುವ ರೂಢಿ ನಮ್ಮಲ್ಲಿತ್ತು. ಅದನ್ನು ನಿಲ್ಲಿಸುತ್ತಿರುವುದಕ್ಕೆ ಕ್ಷಮೆ ಕೇಳುತ್ತೇವೆ. ಆದರೆ ಕಾರಣ ಕೇಳಿ.

ಕೌಂಟರಿನಲ್ಲಿ ನಾವು ಅತಿ ಹೆಚ್ಚು ಸಲ ಕೇಳಿದ ಮಾತು ಇದು: "ಬರೀ ಆಯಿಲ್ ಬದಲಿ ಮಾಡ್ಲಾಕ ಇಷ್ಟ್ ರೊಕ್ಕ ಏನ್ರೀ? ಒಂದಿನ ಪೂರಾ ಬೇಕೇನ್ರೀ?"

ಬೇಕು. ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಇರುವವರ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 2017ರ ಗಾಡಿಯಲ್ಲಿರುವುದು ಆರು ಗೇರಿನ ವೆಟ್ ಡಿಎಸ್‌ಜಿ, ಅಂದರೆ ಅದರ ಕ್ಲಚ್ ಆಯಿಲಿನಲ್ಲೇ ಇರುತ್ತದೆ. ಪ್ರತಿ 60,000 ಕಿ.ಮೀ.ಗೆ ಅದರ ಆಯಿಲ್ ಮತ್ತು ಫಿಲ್ಟರ್ ಬದಲಿಸಬೇಕು. ಬದಲಿಸುವಾಗ ಐದು ಲೀಟರಿಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಅಳತೆ ನೋಡಲು ಅದಕ್ಕೆ ಡಿಪ್‌ಸ್ಟಿಕ್ ಇಲ್ಲ. ಹೊಸ ಆಯಿಲನ್ನು ಕೆಳಗಿನಿಂದ ತುಂಬಿ, ಗಾಡಿ ಲಿಫ್ಟ್ ಮೇಲೆ ಸಮನಾಗಿರುವಾಗ ಇಂಜಿನ್ ಚಾಲೂ ಇಟ್ಟು, ಸ್ಕ್ಯಾನರಿನಲ್ಲಿ ಆಯಿಲ್ ಎಷ್ಟು ಬಿಸಿಯಿದೆ ಅಂತ ನೋಡುತ್ತಾ ಕೂಡಬೇಕು. 35ರಿಂದ 45 ಡಿಗ್ರಿಯ ಒಳಗೆ ಇರುವಾಗಲೇ ಕೆಳಗಿನ ಪ್ಲಗ್ ಬಿಚ್ಚಬೇಕು. ಹೆಚ್ಚಿನ ಆಯಿಲ್ ಹರಿದು ಹೋಗುತ್ತದೆ. ಧಾರೆ ನಿಂತು ಹನಿ ಬೀಳಲು ಶುರುವಾದಾಗ ಪ್ಲಗ್ ಮುಚ್ಚಬೇಕು. ಬಿಸಿ ಇದಕ್ಕಿಂತ ಜಾಸ್ತಿ ಇದ್ದರೆ ಆಯಿಲ್ ಹಿಗ್ಗಿರುತ್ತದೆ, ಒಳಗೆ ಇರಬೇಕಾದದ್ದೂ ಹೊರಗೆ ಹೋಗುತ್ತದೆ.

ನಮ್ಮ ಕಲಬುರಗಿಯ ಮೇ ತಿಂಗಳು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾ? ಮಧ್ಯಾಹ್ನ ನೆರಳಿನಲ್ಲೇ 42, 43 ಡಿಗ್ರಿ. ಜೇವರ್ಗಿಯಿಂದಲೋ ಹುಮನಾಬಾದಿನಿಂದಲೋ ಓಡಿಸಿಕೊಂಡು ಬಂದ ಗಾಡಿಯ ಗೇರ್‌ಬಾಕ್ಸ್ ಆ ಹೊತ್ತಿನಲ್ಲಿ 45ಕ್ಕೆ ಇಳಿಯುವುದೇ ಇಲ್ಲ. ಕಂಪನಿಯ ಪುಸ್ತಕ ಬರೆದವರಿಗೆ ನಮ್ಮ ಬಿಸಿಲು ಗೊತ್ತಿರಲಿಕ್ಕಿಲ್ಲ. ನಮಗೆ ಗೊತ್ತಿತ್ತು. ಗೊತ್ತಿದ್ದೂ ಕಳೆದ ವರ್ಷ ತಪ್ಪು ಮಾಡಿದೆವು.

ಮೇ ತಿಂಗಳಲ್ಲಿ ಒಬ್ಬರು ಮದುವೆಗೆ ಹೋಗಬೇಕು, ಸಂಜೆಯೇ ಗಾಡಿ ಬೇಕು ಅಂದರು. ನಾವು ಇಲ್ಲ ಅನ್ನಲಿಲ್ಲ. ಮಧ್ಯಾಹ್ನ ಎರಡಕ್ಕೆ ಆಯಿಲ್ ಅಳತೆ ಮಾಡಿ ಕೊಟ್ಟೆವು. ಎರಡು ವಾರಕ್ಕೆ ಗಾಡಿ ವಾಪಸ್ ಬಂತು. ಎರಡನೇ ಗೇರಿನಲ್ಲಿ ಜಗ್ಗುತ್ತಿತ್ತು. ನೋಡಿದರೆ ಆಯಿಲ್ ಕಡಿಮೆ. ಗೇರ್‌ಬಾಕ್ಸ್‌ಗೆ ಏನೂ ಆಗಿರಲಿಲ್ಲ, ಅದು ದೇವರ ದಯೆ. ಹೊಸ ಆಯಿಲ್ ಹಾಕಿ ಎಲ್ಲವನ್ನೂ ನಮ್ಮ ಖರ್ಚಿನಲ್ಲೇ ಮಾಡಿಕೊಟ್ಟೆವು. ಆ ಗ್ರಾಹಕರು ಒಂದು ಕೆಟ್ಟ ಮಾತೂ ಆಡಲಿಲ್ಲ. ಅದೇ ನಮಗೆ ಇನ್ನೂ ಚುಚ್ಚುತ್ತದೆ. ಗಾಡಿ ರಾತ್ರಿಯಿಡೀ ನಿಂತು ತಣ್ಣಗಾಗಲಿ, ಮುಂಜಾನೆ ಆರಕ್ಕೆ ಕೆಲಸ ಶುರುವಾಗಲಿ ಅಂತ ಅವತ್ತೇ ತೀರ್ಮಾನಿಸಿದೆವು.

ಇನ್ನು ದರದ ಮಾತು. "ಜಿಎಸ್‌ಟಿ ಇಳಿದಾಗ ನೀವು ಏರಿಸ್ತೀರಿ" ಅಂತ ಕೆಲವರು ಮುಖಕ್ಕೇ ಹೇಳಿದ್ದಾರೆ. 2025ರ ಸೆಪ್ಟೆಂಬರ್ 22ರಿಂದ ಬ್ರೇಕ್ ಪ್ಯಾಡಿನಂಥ ಬಿಡಿಭಾಗಗಳ ಮೇಲಿನ ತೆರಿಗೆ ಶೇ. 28ರಿಂದ 18ಕ್ಕೆ ಇಳಿದದ್ದು ನಿಜ. ಅದೇ ದಿನದಿಂದ ನಿಮ್ಮ ಬಿಲ್ಲಿನಲ್ಲೂ ಇಳಿಸಿದ್ದೇವೆ, ತೆಗೆದು ನೋಡಿ. ಆದರೆ ಇಂಜಿನ್ ಆಯಿಲ್‌ಗೆ ಮೊದಲಿನಿಂದಲೂ ಶೇ. 18 ಇತ್ತು, ಲೇಬರಿಗೂ 18 ಇತ್ತು. ಅಲ್ಲಿ ಇಳಿಯಲು ಏನೂ ಇರಲಿಲ್ಲ. ಅದರ ಮೇಲೆ ಕಳೆದ ವರ್ಷ ಯೂರೋ ನೂರು ರೂಪಾಯಿ ದಾಟಿತು. ಹೊರದೇಶದಿಂದ ಬರುವ ಸಾಮಾನಿಗೆ ನಾವು ದರ ಕಟ್ಟುವುದಿಲ್ಲ, ಆದರೆ ಬೈಗುಳ ಮಾತ್ರ ನಮಗೇ ಬರುತ್ತದೆ. ಇದು ನ್ಯಾಯವಲ್ಲ ಅಂತ ನಮಗನ್ನಿಸುತ್ತದೆ.

ಹೆಚ್ಚುವರಿ 2,000 ರೂಪಾಯಿಯಲ್ಲಿ ದೊಡ್ಡ ಪಾಲು ಮುಂಜಾನೆ ಬರುವ ಇಬ್ಬರು ಹುಡುಗರಿಗೆ ಹೋಗುತ್ತದೆ. ಕೆಲಸ ಕಲಿತವರು ಹೈದರಾಬಾದಿಗೋ ಪುಣೆಗೋ ಹೋಗಿಬಿಡುತ್ತಾರೆ. ಇವರಿಬ್ಬರೂ ಉಳಿದಿದ್ದಾರೆ. ಇವರ ಕೈಗುಣ ನೋಡಿಯೇ ಬೀದರ್, ಯಾದಗಿರಿಯಿಂದ ಗಾಡಿ ಬರುತ್ತವೆ. ಹೇಳಲು ಹೆಮ್ಮೆಯಾಗುತ್ತದೆ.

ರಾತ್ರಿ ಗಾಡಿ ಬಿಡಲು ಹೆದರಿಕೆ ಆಗುವುದು ಸಹಜ. ಅಂಥ ಗಾಡಿಯ ಕೀ ಕೈಗೆ ಸಿಕ್ಕರೆ ಯಾರಿಗಾದರೂ ಒಂದು ಸುತ್ತು ಹೊಡೆಯುವ ಆಸೆ ಹುಟ್ಟುತ್ತದೆ, ಅಲ್ವಾ? ಆದ್ದರಿಂದ ಕಿಲೋಮೀಟರ್ ರೀಡಿಂಗನ್ನು ನಿಮ್ಮೆದುರಿಗೇ ಬರೆದು ನಿಮ್ಮ ಸಹಿ ತೆಗೆದುಕೊಳ್ಳುತ್ತೇವೆ. ಕೀ ನಮ್ಮ ಮನೆಗೆ ಬರುತ್ತದೆ, ಶೆಡ್ಡಿನಲ್ಲಿ ಇರುವುದಿಲ್ಲ. ಟ್ರಯಲ್ ರಿಂಗ್ ರೋಡ್ ಮೇಲೆ, ಬೇಕಿದ್ದರೆ ನೀವೇ ಪಕ್ಕದಲ್ಲಿ ಕೂತುಕೊಳ್ಳಿ.

ದೊಡ್ಡ ಊರಿಗೇ ಒಯ್ಯುತ್ತೇವೆ ಅನ್ನುವವರು ಧಾರಾಳವಾಗಿ ಒಯ್ಯಿರಿ. ಆದರೆ ಎಲ್ಲಿ ಹೋದರೂ ಕೆಲವು ಮಾತು ಕೇಳಿ. ಯಾವ ಇಂಜಿನ್ ಆಯಿಲ್ ಹಾಕುತ್ತೀರಿ, ಫೋಕ್ಸ್‌ವ್ಯಾಗನ್ 502 00 ಥರದ ಅಪ್ರೂವಲ್ ನಂಬರ್ ಡಬ್ಬದ ಮೇಲೆ ಇದೆಯಾ, ಬಿಲ್ಲಿನಲ್ಲಿ ಬರೆಯುತ್ತೀರಾ? ಗೇರ್ ಆಯಿಲ್ ಅಳತೆ ಮಾಡುವಾಗ ಎಷ್ಟು ಡಿಗ್ರಿ ಇತ್ತು? ಹಳೆಯ ಫಿಲ್ಟರ್ ತೋರಿಸುತ್ತೀರಾ? ಒಮ್ಮೆ ಬಿಚ್ಚಿದರೆ ಮತ್ತೆ ಹಾಕಬಾರದ ಬೋಲ್ಟುಗಳಿಗೆ ಹೊಸದು ತರಿಸಿದ್ದೀರಾ? ವಾಲ್ವ್ ಮೇಲೆ ಕಾರ್ಬನ್ ಕೂತಿದೆ ಅಂದರೆ ಕ್ಯಾಮೆರಾ ಇಳಿಸಿ ತೋರಿಸಲು ಹೇಳಿ. ನೇರ ಇಂಜೆಕ್ಷನ್ ಇಂಜಿನಿನಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರಿಗೇ ಹೋಗುತ್ತದೆ, ವಾಲ್ವನ್ನು ತೊಳೆಯುವುದಿಲ್ಲ, ಕಾರ್ಬನ್ ಕೂಡುವುದು ಸುಳ್ಳಲ್ಲ. ಆದರೆ ನೋಡದೆ ಸುಮ್ನೆ ಕ್ಲೀನಿಂಗ್ ಮಾಡಿಸಬೇಡಿ. ಡಿಎಸ್‌ಜಿ ಇರುವ ಹಳೆಯ ಪೋಲೋ ಜಿಟಿ ಟಿಎಸ್‌ಐ ಇದ್ದವರೇ, ನಿಮ್ಮದು ಡ್ರೈ ಕ್ಲಚ್, ಅದು ಆಯಿಲಿನಲ್ಲಿ ಇರುವುದಿಲ್ಲ. 60,000ಕ್ಕೆ ಗೇರ್ ಆಯಿಲ್ ಬದಲಿಸಲೇಬೇಕು ಅಂತ ಯಾರಾದರೂ ಒತ್ತಾಯ ಮಾಡಿದರೆ ಯಾಕೆ ಅಂತ ಕೇಳಿ. ಇವೇ ಪ್ರಶ್ನೆಗಳನ್ನು ನಮಗೂ ಕೇಳಿ.

ಮಾರ್ಚ್ 31ರೊಳಗೆ ದಿನ ಗೊತ್ತು ಮಾಡಿಕೊಂಡವರಿಗೆ, ಗಾಡಿ ಯಾವಾಗ ಬಂದರೂ ಹಳೆಯ ದರ.

ಕಳೆದ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಗೇರ್ ಆಯಿಲ್ ಬದಲಿಸಿಕೊಂಡ ಗಾಡಿಗಳು ಹನ್ನೊಂದು. ಎಲ್ಲರನ್ನೂ ಕರೆದು ಅಳತೆ ಮತ್ತೆ ನೋಡಿಕೊಡುತ್ತಿದ್ದೇವೆ, ದುಡ್ಡಿಲ್ಲದೆ. ಒಂಬತ್ತು ಬಂದು ಹೋದವು. ಇನ್ನಿಬ್ಬರು ಫೋನಿಗೆ ಸಿಗುತ್ತಿಲ್ಲ. ಈ ಪತ್ರ ನಿಮಗೆ ತಲುಪಿದರೆ ದಯವಿಟ್ಟು ಒಂದು ಸಂಜೆ ಗಾಡಿ ತಂದು ಬಿಡಿ.

ನಿಮ್ಮ ವರ್ಕ್‌ಶಾಪಿನವರು
ಹುಮನಾಬಾದ್ ರಿಂಗ್ ರೋಡ್, ಕಲಬುರಗಿ