ತದಡಿಯ ಅಕ್ಕಂಗೆ, ಮತ್ತೆ ಉಳಿದ ಎಲ್ರಿಗೂ

ಹೋದ ವಾರ ನನ್ನ ಪಿಎಚ್‌ಡಿ ವೈವಾ, ಅಂದ್ರೆ ಮೌಖಿಕ ಪರೀಕ್ಷೆ, ಮುಗೀತು. ಫೋನ್ ಮಾಡಿದವರಿಗೆಲ್ಲ ಥ್ಯಾಂಕ್ಸ್ ಹೇಳಿದೀನಿ, ಆದ್ರೂ ಕೂತು ಬರೀಲೇಬೇಕು ಅನ್ನಿಸ್ತಿದೆ, ಯಾಕಂದ್ರೆ ಹೋದ ವರ್ಷ ಈ ಹೊತ್ತಿಗೆ ನಾನು ಇದನ್ನ ಮುಗಿಸ್ತೀನಿ ಅಂತ ನಂಗೇ ನಂಬಿಕೆ ಇರ್ಲಿಲ್ಲ. ಜೀವಕ್ಕೇ ಬಂದು ಐಸಿಯು ಸೇರಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದೆ. ಏನಾಯ್ತು ಅಂತ ನಿಮಗೆಲ್ಲ ಗೊತ್ತು, ಅದನ್ನ ಮತ್ತೆ ಇಲ್ಲಿ ಬರೆಯಲ್ಲ.

ತಿಪಟೂರಿನ ತೆಂಗಿನ ತೋಟದಲ್ಲಿ ಬೆಳೆದ ಹುಡುಗಿಗೆ ಡಾಲ್ಫಿನ್ ಹುಚ್ಚು ಎಲ್ಲಿಂದ ಬಂತು ಅಂತ ಈಗಲೂ ಕೇಳ್ತಾರೆ. 2017ರ ಕೊನೆಗೆ ಒಮಾನ್‌ನಲ್ಲಿ ಸ್ಯಾಟಲೈಟ್ ಟ್ಯಾಗ್ ಹಾಕಿದ್ದ ಲುಬಾನ್ ಅನ್ನೋ ಹೆಣ್ಣು ಹಂಪ್‌ಬ್ಯಾಕ್ ತಿಮಿಂಗಿಲ ಅರಬ್ಬಿ ಸಮುದ್ರ ದಾಟಿ ನಮ್ಮ ಪಶ್ಚಿಮ ಕರಾವಳಿಗೆ ಬಂದು ದಕ್ಷಿಣಕ್ಕೆ ಇಳೀತು. ಬೇರೆ ಸಮುದ್ರದ ಹಂಪ್‌ಬ್ಯಾಕ್‌ಗಳು ಧ್ರುವದ ಕಡೆ ವಲಸೆ ಹೋಗ್ತಾವೆ, ಇವು ಹೋಗಲ್ಲ, ವರ್ಷಪೂರ್ತಿ ಅರಬ್ಬಿ ಸಮುದ್ರದಲ್ಲೇ ಇರ್ತಾವೆ, ಒಮಾನ್ ಕಡೆ ಲೆಕ್ಕ ಹಾಕಿದಾಗ ನೂರೂ ಇರ್ಲಿಲ್ಲ. ಲುಬಾನ್ ಬಂದ ದಾರಿಯ ಗೆರೆಯನ್ನ ಮ್ಯಾಪ್ ಮೇಲೆ ನೋಡ್ತಾ ಕೂತಿದ್ದ ದಿನವೇ ನನ್ನ ದಾರಿ ಯಾವುದು ಅಂತ ಗೊತ್ತಾಗಿದ್ದು.

ಆಮೇಲೆ ನಾನು ಹಿಡಿದದ್ದು ತಿಮಿಂಗಿಲ ಅಲ್ಲ, ದಡದ ಹತ್ತಿರದ ಹಂಪ್‌ಬ್ಯಾಕ್ ಡಾಲ್ಫಿನ್. ನದಿ ಸಮುದ್ರ ಸೇರೋ ಅಳಿವೆ ಬಾಯಿ, ಕಡಿಮೆ ಆಳದ ನೀರು, ಅವುಗಳ ಮನೆ ಅದೇ, ಮೀನುಗಾರರ ಬಲೆ ಬೀಳೋದೂ ಅಲ್ಲೇ. 2017ರಲ್ಲೇ ಅಳಿವಿನಂಚಿನ ಪಟ್ಟಿಗೆ ಸೇರಿದ ಜೀವ ಅದು. ಬೆನ್ನಿನ ರೆಕ್ಕೆಯಲ್ಲಿರೋ ಕಚ್ಚು, ಗಾಯದ ಗುರುತು ನೋಡಿ ಒಂದೊಂದನ್ನೂ ಗುರುತು ಹಿಡೀಬೇಕು. ಕ್ಯಾಮೆರಾ ಹಿಡ್ಕೊಂಡು ದೋಣಿಯಲ್ಲಿ ನಿಲ್ಲೋದು ಕಲಿಯೋಕೇ ನಂಗೆ ಒಂದು ಸೀಸನ್ ಬೇಕಾಯ್ತು.

ಗೈಡ್‌ಗೆ, ಲ್ಯಾಬ್‌ನ ಗೆಳೆಯರಿಗೆ, ಪರ್ಮಿಷನ್ ಪತ್ರಕ್ಕೆ ನನ್ನ ಜೊತೆ ಅಲೆದವರಿಗೆ, ರಕ್ತ ಕೊಡೋಕೆ ಓಡಿ ಬಂದ ಹಾಸ್ಟೆಲ್ ಹುಡುಗರಿಗೆ, ಅಪ್ಪ ಅಮ್ಮಂಗೆ, ಎಲ್ರಿಗೂ ಕೈಮುಗಿದು ಥ್ಯಾಂಕ್ಸ್.

ಈಗ ಅಕ್ಕನ ವಿಷಯ.

ಅಕ್ಕ ಉತ್ತರ ಕನ್ನಡದ ತದಡಿ ಬಂದರಿನಲ್ಲಿ ಮೀನು ಮಾರ್ತಾರೆ, ಅವರ ಗಂಡ ಬೋಟಿನ ತಂಡೇಲರು, ಅಂದ್ರೆ ಬೋಟು ನಡೆಸೋರು. ಡಾಲ್ಫಿನ್ ಬಲೆಗೆ ಸಿಕ್ಕಿ ಸತ್ರೆ ಯಾರೂ ಬಾಯಿ ಬಿಡಲ್ಲ, ಯಾಕಂದ್ರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅತಿ ಹೆಚ್ಚು ರಕ್ಷಣೆ ಇರೋ ಒಂದನೇ ಪಟ್ಟಿಯ ಪ್ರಾಣಿ, ಕೇಸ್ ಆಗತ್ತೆ ಅನ್ನೋ ಹೆದರಿಕೆಗೆ ಅಲ್ಲೇ ನೀರಿಗೆ ಬಿಟ್ಟು ಬರ್ತಾರೆ. ಬೇಕು ಅಂತ ಹಿಡಿದಿರಲ್ಲ ಪಾಪ, ಬಂಗುಡೆಗೆ ಬಿಟ್ಟ ಬಲೆ ಅದು, ಉಸಿರಿಗೆ ಮೇಲೆ ಬರೋಕಾಗದೆ ಡಾಲ್ಫಿನ್ ಸತ್ತಿರತ್ತೆ. ಮೊದಲ ಎರಡು ವರ್ಷ ನಂಗೆ ಒಬ್ಬರೂ ನಿಜ ಹೇಳ್ಲಿಲ್ಲ. ಒಂದಿನ ಬೆಳಗ್ಗೆ ಅಕ್ಕನೇ ಬಂದು ಕೈ ಹಿಡಿದು ಕರ್ಕೊಂಡು ಹೋದ್ರು. ಮರಳಿನ ಮೇಲೆ ಒಂದು ಕಡಲಹಂದಿ ಇತ್ತು, ಬೆನ್ನಿನ ರೆಕ್ಕೆ ಇಲ್ಲದ ಪೋರ್ಪಾಯ್ಸ್, ಇನ್ನೂ ಮರಿ, ನನ್ನ ತೋಳಿಗಿಂತ ಸ್ವಲ್ಪ ಉದ್ದ ಅಷ್ಟೇ. ನುಣ್ಣನೆ ಚರ್ಮದ ಮೇಲೆ ಬಲೆಯ ನೂಲು ಒತ್ತಿದ ಗೆರೆಗಳು, ಚೌಕ ಚೌಕ. ಅಕ್ಕ ಅದರ ಕಣ್ಣಿನ ಮೇಲಿದ್ದ ಮರಳನ್ನ ಬೆರಳಲ್ಲಿ ಒರೆಸಿ "ಇದ್ನ ಬರ್ಕೋ ತಂಗಿ, ಯಾರ ಬೋಟು ಅಂತ ಮಾತ್ರ ಕೇಳ್ಬೇಡ" ಅಂದ್ರು. ನಾನು ಯಾವತ್ತೂ ಕೇಳ್ಲಿಲ್ಲ. ಅವತ್ತಿಂದ ಒಬ್ಬೊಬ್ಬರೇ ಬಂದು ಹೇಳೋಕೆ ಶುರು ಮಾಡಿದ್ರು. ನನ್ನ ಥೀಸಿಸ್‌ನ ಮೂರನೇ ಅಧ್ಯಾಯ ಇರೋದು ಆ ಒಂದು ಬೆಳಗ್ಗೆಯಿಂದ.

ನನ್ನನ್ನ ಆಸ್ಪತ್ರೆಗೆ ಸಾಗಿಸಿದ ಆ ರಾತ್ರಿಯೂ ಜೊತೆಗಿದ್ದದ್ದು ಅಕ್ಕನೇ. ನಮ್ಮ ಉತ್ತರ ಕನ್ನಡದಲ್ಲಿ ಜೀವಕ್ಕೆ ಬಂದ್ರೆ ಮಂಗಳೂರೋ ಮಣಿಪಾಲವೋ ಗೋವಾನೋ ಅಂತ ಓಡ್ಬೇಕು, ಅಲ್ಲಿಯವರಿಗೆಲ್ಲ ಇದು ಗೊತ್ತು. ಅಪ್ಪ ಅಮ್ಮ ತಿಪಟೂರಿಂದ ಹೊರಟು ಬರೋಕೆ ಬೆಳಗಾಗತ್ತೆ, ಆಂಬುಲೆನ್ಸ್ ಹತ್ತೋಕೆ ಯಾರು ಅಂದಾಗ ಉಟ್ಟ ಸೀರೆಯಲ್ಲೇ ಹತ್ತಿ ಕೂತ್ರು. ಮೀನು ವಾಸನೆ, ಬೆವರು, ಅವರು ಮುಡಿದಿದ್ದ ಅಬ್ಬಲಿಗೆ, ಅಷ್ಟೇ ನೆನಪಿರೋದು. ಹೆದ್ದಾರಿ ಉದ್ದಕ್ಕೂ ನನ್ನ ಪಾದ ಉಜ್ಜುತ್ತಾ "ನಾ ಇಲ್ಲೇ ಇದ್ದೆ ತಂಗಿ, ಎಲ್ಲೂ ಹೋಗುದಿಲ್ಲ" ಅಂತಿದ್ರು. ನಾನು ಸಾಯ್ತೀನಿ ಅಂತ ಅಂದ್ಕೊಂಡಿದ್ದೆ. ಇದನ್ನ ಇದುವರೆಗೂ ಯಾರ ಹತ್ರನೂ ಹೇಳಿಲ್ಲ, ಅಮ್ಮಂಗೂ ಹೇಳಿಲ್ಲ. ಅಮ್ಮ, ಓದ್ತಿದ್ರೆ ಅಳ್ಬೇಡ.

ಬೆಳಗ್ಗೆವರೆಗೂ ಐಸಿಯು ಹೊರಗೆ ನೆಲದ ಮೇಲೇ ಕೂತಿದ್ರಂತೆ, ನರ್ಸ್ ಹೇಳಿದ್ದು. ಆಮೇಲೂ ನಾಲ್ಕು ದಿನ ಹೋಗ್ಲಿಲ್ಲ. ಅಷ್ಟು ದಿನದ ವ್ಯಾಪಾರ ಹೋಯ್ತು, ದುಡ್ಡು ಕೊಡೋಕೆ ಹೋದ ಅಪ್ಪಂಗೆ ಬೈದು ಕಳಿಸಿದ್ರು. ಗಂಟುಗಟ್ಟಿದ್ದ ನನ್ನ ತಲೆಗೂದಲನ್ನ ಎಣ್ಣೆ ಹಾಕಿ ಒಂದೊಂದೇ ಎಳೆ ಬಿಡಿಸಿ ಜಡೆ ಹಾಕಿದ್ದು ಅವ್ರೇ.

ತಂಡೇಲ ಅಣ್ಣನ ಬಗ್ಗೆ ಒಂದು ಮಾತು. ನಾನು ಹಾಸಿಗೆ ಹಿಡಿದಿದ್ದ ಅಷ್ಟೂ ತಿಂಗಳು ಅಣ್ಣ ನನ್ನ ಫೀಲ್ಡ್ ಬುಕ್ ತುಂಬಿಸಿದ್ರು, ನಾನು ಹೇಳಿರ್ಲಿಲ್ಲ, ಕೇಳಿರ್ಲಿಲ್ಲ. ತಾರೀಖು, ಭರತವೋ ಇಳಿತವೋ, ಎಷ್ಟು ಕಂಡ್ವು, ಮರಿ ಇತ್ತಾ, ಎಲ್ಲ ಶಾಲೆ ಮಕ್ಕಳ ಹಾಗೆ ದುಂಡಗೆ ಬರೆದದ್ದು. ಒಂದು ಪುಟದಲ್ಲಿ ಉಪ್ಪುನೀರು ಬಿದ್ದು ಶಾಯಿ ಹರಡಿದೆ, ಅದರ ಕೆಳಗೆ "ರೆಕ್ಕೆ ಹರಿದದ್ದು ಬಂದಿತ್ತು, ಸಂಗಡ ಮರಿ" ಅಂತ ಇದೆ. ಅದು ನಾನು ಮೊದಲ ವರ್ಷದಿಂದ ನೋಡ್ತಿದ್ದ ಡಾಲ್ಫಿನ್. ಒಂದು ಮರಿಯಾದ ಮೇಲೆ ಇನ್ನೊಂದಕ್ಕೆ ವರ್ಷಗಟ್ಟಲೆ ಬೇಕು ಅವಕ್ಕೆ. ವೈವಾದಲ್ಲಿ ಆ ಪುಟ ಸ್ಕ್ರೀನ್ ಮೇಲೆ ಹಾಕಿದಾಗ ನನ್ನ ಗಂಟಲು ಕಟ್ಟಿತು, ನೀರು ಕುಡಿದು ಮುಂದುವರೆಸಿದೆ.

ಜೂನ್ ಜುಲೈ ಬೋಟು ಇಳಿಯಲ್ಲ, ಆಗಸ್ಟ್ ಒಂದಕ್ಕೆ ಬಂದರು ಶುರುವಾಗೋ ಹೊತ್ತಿಗೆ ನಾನು ತದಡಿಯಲ್ಲಿರ್ತೀನಿ, ಥೀಸಿಸ್‌ನ ಒಂದು ಪ್ರತಿ ಅಣ್ಣಂಗೆ ಅಂತ ಬೈಂಡ್ ಮಾಡಿಸಿಟ್ಟಿದೀನಿ. ಅಕ್ಕಂಗೆ ಓದೋಕೆ ಬರಲ್ಲ. ಪುಟ್ಟಿ, ನೀನು ಇದನ್ನ ನೋಡ್ತೀಯ ಅಂತ ಗೊತ್ತು, ಸಂಜೆ ನಿನ್ನ ಅಮ್ಮ ಬುಟ್ಟಿ ಇಳಿಸಿ ಚಾ ಕುಡಿದ ಮೇಲೆ ಕೂರಿಸಿ ಪೂರ್ತಿ ಓದಿ ಹೇಳು, ಜಡೆ ಹಾಕಿದ್ದು ಬರೆದಿರೋದನ್ನ ಬಿಡಬೇಡ.